ಮೂವತ್ತು ನಿಮಿಷದ ಟೈರು

ಪೋರ್ತೊ ತೊರ್ರೆಸ್, ಸಾರ್ಡಿನಿಯಾ
14 ಏಪ್ರಿಲ್ 2004

ಪ್ರೀತಿಯ ಅಲ್ವಾರೊ,

ಮೊದಲು ಅಳತೆ, ಆಮೇಲೆ ನನ್ನ ಗೋಳು. ಡಬ್ಬಿಯಲ್ಲಿರುವ ನಾಲ್ಕೂ ಫೋಮು ಟೈರುಗಳನ್ನು ಯಂತ್ರದಲ್ಲಿ ತಿರುಗಿಸಿ, ಅಡ್ಡಳತೆ ಅರವತ್ತೂವರೆ ಮಿಲಿಮೀಟರಿಗೆ ಬರುವ ಹಾಗೆ ಕಡೆದಿದ್ದೇನೆ. ಮೊದಲು ಸಾಯುವುದು ಮುಂದಿನ ಎಡಗಡೆಯದೇ, ಬಲತಿರುವುಗಳಲ್ಲಿ ನೀನು ಬ್ರೇಕು ಹಾಕುವುದು ಅಷ್ಟು ತಡ. ನಿನ್ನ ಕೈಯಲ್ಲಿ ಅದು ನಿಮಿಷಕ್ಕೆ ಪಾಯಿಂಟ್ ಎರಡು ಮಿಲಿಮೀಟರು ಸವೆಯುತ್ತದೆ. ಮೂವತ್ತು ನಿಮಿಷದ ಫೈನಲ್ಲಿಗೆ ಆರು. ಐವತ್ನಾಲ್ಕೂವರೆ ಉಳಿಯಬೇಕು. ಐವತ್ನಾಲ್ಕಕ್ಕಿಂತ ಕೆಳಗಿಳಿದರೆ ಫೋಮು ಮುಗಿದು ಗಾಲಿಯ ಪ್ಲಾಸ್ಟಿಕ್ಕೇ ನೆಲ ಉಜ್ಜುತ್ತದೆ, ನಿನಗೆ ಗೊತ್ತು. ಆ ಅರ್ಧ ಮಿಲಿಮೀಟರು ನಿನ್ನ ಹುಚ್ಚಿಗೆಂದು ಬಿಟ್ಟದ್ದು. ಗೇರು ಇಪ್ಪತ್ತೊಂದು ಹಲ್ಲಿನದೇ ಇರಲಿ. ಅಭ್ಯಾಸಕ್ಕೆ ಹಳೆಯ ಟೈರು ಹಾಕು, ಈ ಸೆಟ್ಟನ್ನು ಫೈನಲ್ಲಿಗೆ ಮುಂಚೆ ಮುಟ್ಟಬೇಡ.

ಈಗ ಗೋಳು. ಕಡೆಯುವ ಯಂತ್ರ ಬಾಲ್ಕನಿಯಲ್ಲಿದೆ. ಫೋಮಿನ ಪುಡಿ ಹಾರುತ್ತದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಡೆಯುತ್ತೇನೆ, ಆಮೇಲೆ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ, ಆಮೇಲೆಯೇ ದೇಲಿಯಾಳನ್ನು ಎತ್ತಿಕೊಳ್ಳುವುದು. ಆದರೂ ಅವಳು ಸೀನಿದರೆ ಹೋಗಿ ಮತ್ತೆ ಕೈ ತೊಳೆದುಕೊಳ್ಳುತ್ತೇನೆ. ಮೂರು ತಿಂಗಳ ಮಗು ನಲವತ್ತು ನಿಮಿಷದ ಮೇಲೆ ಮಲಗುವುದೇ ಇಲ್ಲ, ಅವಳು ಮಲಗಿದಾಗ ನಾನು ಅವಳ ಉಸಿರು ಎಣಿಸುತ್ತೇನೆ. ನಿಮಿಷಕ್ಕೆ ನಲವತ್ತೊಂದು. ಡಾಕ್ಟರು ಸರಿಯಾಗಿದೆ ಅಂದರು. ಮತ್ತೆ ಎಣಿಸಿದೆ.

ನಿನ್ನೆ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು: "ಮೊಳದುದ್ದದ ಕಾರು ಕಣೇ, ರಿಮೋಟು ಹಿಡ್ಕೊಂಡು ಓಡಿಸ್ತಾರಂತೆ, ಮಕ್ಕಳಲ್ಲ, ಮೀಸೆ ಬಂದೋರು! ಅದಕ್ಕೆ ನಮ್ಮ ಸೊಸೆ ಚಕ್ರ ಮಾಡ್ತಾಳೆ. ಬೊಲೋನ್ಯಾದಲ್ಲಿ ರಸಾಯನಶಾಸ್ತ್ರ ಓದಿದ್ದು ಇದಕ್ಕೇನೆ!" ಆ ಮನೆಯಾಕೆ ಕೇಳಿದರು: "ಮತ್ತೆ ಆ ಕರೀ ಪುಡಿ?" ಅತ್ತೆ: "ಅದು ಅವಳ ಗೋಧಿ ಹಿಟ್ಟು."

ನಗಬೇಡ. ಫೌಸ್ತೊ ಅಂಗಡಿಗೆ ಹೊಸ ಯಂತ್ರ ತರಿಸಿದ್ದಾನಂತೆ, ನಿಮ್ಮ ಬೀದಿಯವರಿಗೆಲ್ಲ ಟೈರು ಕಡೆದು ಕೊಡುತ್ತಾನಂತೆ, ಅಮ್ಮ ಹೇಳಿದಳು. ಅವನ ಅಂಗಡಿಗೆ ನಿನಗೆ ನೂರು ಹೆಜ್ಜೆ. ನನಗೂ ನಿನಗೂ ನಡುವೆ ಒಂದು ಸಮುದ್ರ. ಎಂಟು ವರ್ಷದಿಂದ ನೀನು ಓಡಿಸುತ್ತೀಯ, ನಾನು ಕಡೆಯುತ್ತೇನೆ. ಸೆಪ್ಟೆಂಬರಿನ ಕೊನೆಯ ಓಟದಲ್ಲಿ ಮೊದಲ ಮೂವರೊಳಗೆ ಬಂದರೆ ಮುಂದಿನ ವರ್ಷ ಯುರೋಪಿನ ಸ್ಪರ್ಧೆ. ಅಲ್ಲಿಯವರೆಗಾದರೂ ಈ ಒಂದು ಕೆಲಸ ನನ್ನ ಕೈಯಲ್ಲಿರಲಿ. ಇವಳಿಂದ ಇನ್ನು ಆಗುವುದಿಲ್ಲ ಅನ್ನಿಸಿದ ದಿನ ಮುಖಕ್ಕೇ ಹೇಳಿಬಿಡು, ನಾನೇ ಬಿಡುತ್ತೇನೆ.

ಮಗು ಎದ್ದಳು.

ನೇವಿಯಾ


ಲೂಗೊ
27 ಏಪ್ರಿಲ್

ಅಕ್ಕಾ,

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ಮೂರನೇ ನಿಮಿಷಕ್ಕೆ ಮುಂದಿನ ಎಡಗಡೆಯದು ಮುಗಿಯಿತು. ಎರಡನೇ ಜಾಗದಲ್ಲಿದ್ದೆ. ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹುಲ್ಲಿಗೆ ಹೋಗಿ ನಿಂತುಬಿಟ್ಟಿತು. ಇಂಧನ ತುಂಬಲು, ನಾವು ನಿಂತು ಓಡಿಸುವ ವೇದಿಕೆಯ ಕೆಳಗೆ ನಿಂತಿದ್ದ ಸೆಕೊಂಡೊ ಮಾಮ ಹೋಗಿ ಎತ್ತಿಕೊಂಡು ಬಂದ.

ಯಾಕೆ ಹೀಗಾಯಿತೋ ತಿಳಿಯದು. ಫೋಮು ಈ ಸಲ ಮೆತ್ತಗಿತ್ತೇನೋ. ಬಿಸಿಲೂ ಇತ್ತು. ನೀನು ತಲೆ ಕೆಡಿಸಿಕೊಳ್ಳಬೇಡ. ಇದು ಬರೀ ತಯಾರಿಯ ಓಟ ತಾನೇ?

ದೇಲಿಯಾಳ ಕೆನ್ನೆಗೆ ಒಂದು ಮುತ್ತು. ಎಫೀಸಿಯೊ ಭಾವ ಬಂದರಿನಲ್ಲಿ ಇನ್ನೂ ಎರಡೆರಡು ಪಾಳಿ ಮಾಡುತ್ತಿದ್ದಾನಾ?

ಅಲ್ವಾರೊ


ಪೋರ್ತೊ ತೊರ್ರೆಸ್
5 ಮೇ

ಅಲ್ವಾರೊ,

ತಲೆ ಕೆಡಿಸಿಕೊಳ್ಳಬೇಡ ಅಂತ ಬರೆದವನು ಯಾವ ಮೂರ್ಖ?

ಏಳು ನಿಮಿಷ! ಏಳು ನಿಮಿಷಕ್ಕೆ ತಪ್ಪುವಂಥ ಲೆಕ್ಕ ನಾನು ಎಂದೂ ಮಾಡಿದವಳಲ್ಲ. ನೀನು ವಾಪಸು ಕಳಿಸಿದ ಸೆಟ್ಟನ್ನು ಐದು ಕಡೆ ಅಳೆದೆ. ವರ್ನಿಯರ್ ಕೆಟ್ಟಿದೆಯೇನೋ ಎಂದು ಎಫೀಸಿಯೊ ಬಂದರಿನ ವರ್ಕ್‌ಶಾಪಿನಿಂದ ಇನ್ನೊಂದನ್ನು ತಂದುಕೊಟ್ಟ. ಎರಡೂ ಒಂದೇ ಹೇಳುತ್ತಿವೆ. ಹಾಗಾದರೆ ಕೆಟ್ಟಿರುವುದು ನಾನೇ. ಅಂದು ಕಡೆಯುತ್ತಿರುವಾಗ ಮಗು ಅಳುತ್ತಿತ್ತು, ಅವಸರದಲ್ಲಿ ಐವತ್ತೆಂಟೂವರೆಯನ್ನು ಅರವತ್ತೂವರೆ ಎಂದು ಓದಿರಬೇಕು. ಹೀಗೂ ಆಗುತ್ತದಾ? ನಿದ್ದೆಗೆಟ್ಟವರಿಗೆ ಆಗುತ್ತದೆ ಅಂತ ಪುಸ್ತಕದಲ್ಲಿದೆ.

ಈ ಸಲ ಅರವತ್ತೊಂದೂವರೆ. ಎತ್ತರ ಜಾಸ್ತಿಯಾಯಿತು ಅನ್ನಬೇಡ, ಸವೆಯುತ್ತ ಸರಿಹೋಗುತ್ತದೆ. ಮೂರು ಸಲ ಅಳೆದಿದ್ದೇನೆ, ಎಫೀಸಿಯೊ ಕೈಯಲ್ಲೂ ಒಂದು ಸಲ ಅಳೆಸಿದ್ದೇನೆ.

ನಿನ್ನಿಂದ ಎರಡನೇ ಜಾಗ ಕಿತ್ತುಕೊಂಡೆ. ಕ್ಷಮಿಸು.

ನೇವಿಯಾ


ಲೂಗೊ
1 ಜೂನ್

ಅಕ್ಕಾ,

ಏಳನೇ ಜಾಗ. ಟೈರುಗಳು ಪೂರ್ತಿ ಮೂವತ್ತು ನಿಮಿಷ ಬಂದವು, ಒಂದಿಷ್ಟೂ ಕೈಕೊಡಲಿಲ್ಲ. ಅದ್ಭುತ ಟೈರು! ರಿಮಿನಿಯವರ ಕಾರುಗಳು ಈ ವರ್ಷ ತುಂಬ ಜೋರು, ಅಷ್ಟೇ ವಿಷಯ. ಸೆಟ್ಟು ಇದರ ಜೊತೆಗಿದೆ.

ಪೀಚು ಹಣ್ಣು ಬರಲು ಶುರುವಾಗಿದೆ. ಗೋದಾಮಿನಲ್ಲಿ ಹನ್ನೆರಡು ತಾಸು ಪೆಟ್ಟಿಗೆ ಎತ್ತಿ ಎತ್ತಿ ಬೆರಳು ರಿಮೋಟಿಗೆ ಬಗ್ಗುವುದಿಲ್ಲ. ಅದಕ್ಕೇ ಪತ್ರವೂ ಚಿಕ್ಕದು.

ಅಲ್ವಾರೊ


ಪೋರ್ತೊ ತೊರ್ರೆಸ್
11 ಜೂನ್

ಪ್ರೀತಿಯ ಅಲ್ವಾರೊ,

ನೀನು "ಅದ್ಭುತ" ಅನ್ನುವ ಮಾತು ಬಳಸಿದ್ದನ್ನು ಹುಟ್ಟಿದಾರಭ್ಯ ಕೇಳಿಲ್ಲ. ಅಮ್ಮ ಮಾಡಿದ ಕಪ್ಪೆಲ್ಲೆತ್ತಿ ಕಡುಬಿಗೂ "ಪರವಾಗಿಲ್ಲ" ಅನ್ನುವವನು ನೀನು.

ಮುಂದಿನ ಎಡಗಡೆಯದು ಐವತ್ತೇಳು ಉಳಿದಿದೆ. ಬರೀ ನಾಲ್ಕೂವರೆ ಸವೆದಿದೆ, ಆರಾಗಬೇಕಿತ್ತು. ಲೂಗೊದಲ್ಲಿ ಅಷ್ಟು ತಂಪಿತ್ತಾ? ಆದರೂ ನನಗೆ ಧೈರ್ಯ ಬರುತ್ತಿಲ್ಲ. ಮುಂದಿನದು ಜುಲೈ, ನೆಲ ಹೆಂಚಿನ ಹಾಗೆ ಕಾದಿರುತ್ತದೆ. ಅರವತ್ತೆರಡೂವರೆಗೆ ಕಡೆದಿದ್ದೇನೆ. ಗಾಲಿ ದೊಡ್ಡದಾದಷ್ಟು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಎಂಜಿನ್ನು ಏದುತ್ತದೆ. ಗೇರು ಇಪ್ಪತ್ತು ಹಲ್ಲಿಗೆ ಇಳಿಸು.

ದೇಲಿಯಾಳಿಗೆ ಲಸಿಕೆ ಹಾಕಿಸಿದೆವು. ಮೂವತ್ತೆಂಟೂವರೆ ಜ್ವರ. ಥರ್ಮಾಮೀಟರನ್ನು ನಾನು ನಂಬಲಿಲ್ಲ. ಮತ್ತೆ ನೋಡಿದೆ, ಅತ್ತೆಯ ಕೈಯಲ್ಲಿ ನೋಡಿಸಿದೆ. ಅವರು ಹೇಳಿದರು: "ನೀನು ಕೂಸಿಗೆ ಹಾಲು ಕೊಡೋದಕ್ಕಿಂತ ಜಾಸ್ತಿ ಸಲ ಅದನ್ನ ಅಳೀತೀಯಲ್ಲೇ!" ಹೇಳಿ ನಕ್ಕರು. ಅವರು ನಕ್ಕಿದ್ದು ಕೆಟ್ಟ ಮನಸ್ಸಿನಿಂದಲ್ಲ, ನನಗದು ಗೊತ್ತು. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಅಮ್ಮನಿಗೆ ಹೇಳಬೇಡ.

ನೇವಿಯಾ


ಲೂಗೊ
6 ಜುಲೈ

ಅಕ್ಕಾ,

ಆರನೇ ಜಾಗ. ನೋಡು, ಮೇಲೇರುತ್ತಿದ್ದೇವೆ! ಗೇರು ಇಪ್ಪತ್ತು ಹಾಕಿದೆ, ಎಂಜಿನ್ನು ಬಿಸಿಯಾಗಲಿಲ್ಲ. ಎಲ್ಲ ಚೆನ್ನಾಗಿದೆ. ಸೆಟ್ಟು ಕಳಿಸಿದ್ದೇನೆ, ಆದರೆ ಅದನ್ನು ಅಳೆಯುವ ತಾಪತ್ರಯ ಯಾಕೆ? ಬಿಸಾಕು. ಹೊಸದು ಮಾಡುವುದಕ್ಕೂ ಅವಸರ ಇಲ್ಲ, ಸೆಪ್ಟೆಂಬರಿಗೆ ತುಂಬ ದಿನ ಇದೆ. ಮಲಗು.

ಅಲ್ವಾರೊ


ಪೋರ್ತೊ ತೊರ್ರೆಸ್
15 ಜುಲೈ

ಅಲ್ವಾರೊ,

ಅಳೆದೆ.

ಐವತ್ತೊಂಬತ್ತು. ಅಂದರೆ ಮೂರೂವರೆ ಸವೆತ. ನಿನ್ನ ಕೈಗೆ ಅದು ಹದಿನೇಳೂವರೆ ನಿಮಿಷ. ಅದೂ ಜುಲೈ ಬಿಸಿಲಲ್ಲಿ. ಇನ್ನೊಂದು ವಿಷಯ: ಎಡ, ಬಲ ಹೆಚ್ಚುಕಡಿಮೆ ಒಂದೇ ಸಮ ಸವೆದಿವೆ. ಎಂಟು ವರ್ಷದಲ್ಲಿ ನೀನು ಒಂದೇ ಒಂದು ಸೆಟ್ಟನ್ನೂ ಸಮನಾಗಿ ಸವೆಸಿದವನಲ್ಲ. ನಿನ್ನ ಟೈರು ನನಗೆ ನಿನ್ನ ಕೈಬರಹದ ಹಾಗೆ, ಸಹಿ ಬೇಕಾಗಿಲ್ಲ. ಇದು ನಿನ್ನದಲ್ಲ.

ಆದ್ದರಿಂದ ನಡೆದದ್ದು ಏನೆಂದು ನಾನೇ ಹೇಳಿಬಿಡುತ್ತೇನೆ. ಏಪ್ರಿಲ್ ಆದಮೇಲೆ ನೀನು ಫೌಸ್ತೊನ ಬಳಿ ಹೋದೆ. ಓಟಕ್ಕೆಲ್ಲ ಅವನು ಕಡೆದ ಟೈರು. ನನ್ನದನ್ನು ಯಾರಿಗೋ ಕೊಟ್ಟು, ಅಭ್ಯಾಸದಲ್ಲಿ ಒಂದಷ್ಟು ಸುತ್ತಿಸಿ, ಸವೆದಂತೆ ಕಂಡಮೇಲೆ ಡಬ್ಬಿಗೆ ತುಂಬಿ "ಅದ್ಭುತ" ಅಂತ ಬರೆದು ಕಳಿಸುತ್ತೀಯ. ಬಾಣಂತಿಗೆ ಆಟದ ಸಾಮಾನು!

ಮುಖಕ್ಕೆ ಹೇಳು ಅಂದಿದ್ದೆ. ನಾನು ಕೇಳಿದ್ದು ಅದೊಂದೇ. ಮಗುವಿನಿಂದ ಕದ್ದ ಹೊತ್ತಿನಲ್ಲಿ, ಅವಳ ಅಳು ಕೇಳಿಸಿದರೂ ಕೇಳದ ಹಾಗೆ ಬಾಲ್ಕನಿಯಲ್ಲಿ ನಿಂತು ಕಡೆದೆನಲ್ಲ, ಆ ಹೊತ್ತನ್ನು ಯಾರು ವಾಪಸು ಕೊಡುತ್ತೀರಿ? ನೀನಾ, ಫೌಸ್ತೊನಾ?

ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದೇನೆ.

ನೇವಿಯಾ


ಲೂಗೊ
22 ಜುಲೈ

ಅಕ್ಕಾ,

ಫೌಸ್ತೊ ಇಲ್ಲ. ಯಾರೂ ಇಲ್ಲ. ಮೂವತ್ತು ನಿಮಿಷವೂ ನಾನೇ ಓಡಿಸಿದ್ದು, ನಿನ್ನ ಟೈರಿನಲ್ಲೇ.

ಏಪ್ರಿಲ್ ಆದಮೇಲೆ ನಿನ್ನ ಟೈರುಗಳು ದಪ್ಪಗಾಗುತ್ತ ಹೋದವು. ಅರವತ್ತೆರಡೂವರೆಯಲ್ಲಿ ಕಾರು ಕುರ್ಚಿ ಮೇಲೆ ಹತ್ತಿ ನಿಂತ ಹಾಗಿತ್ತು. ಶನಿವಾರದ ಅಭ್ಯಾಸದಲ್ಲಿ ಮೂರು ತಿರುವಿಗೆ ಮೂರು ಸಲ ಮಗುಚಿಕೊಂಡಿತು. ಸೆಕೊಂಡೊ ಮಾಮ ಕೇಳಿದ: "ಏನೋ ಇದು, ನಿಮ್ಮಕ್ಕ ಟ್ರ್ಯಾಕ್ಟರಿಗೆ ಮಾಡಿದ್ದನ್ನ ನಿನಗೆ ಕಳಿಸಿಬಿಟ್ಟಳಾ?" ನನಗೆ ನಗು ಬರಲಿಲ್ಲ. ಆಮೇಲೆ ತಲೆ ಮೇಲೆ ಮೊಟ್ಟೆ ಬುಟ್ಟಿ ಹೊತ್ತವನ ಹಾಗೆ ಓಡಿಸಿದೆ. ತಿರುವಿಗೆ ಬಹಳ ಮುಂಚೆಯೇ ಬ್ರೇಕು. ಹಾಗೆ ಓಡಿಸಿದರೆ ಯಾವ ಟೈರು ಸವೆಯುತ್ತದೆ? ನಾನೇ ಸಣ್ಣಗೆ ಕಡೆದುಕೊಳ್ಳಬಹುದಿತ್ತು. ಕಡೆದಿದ್ದರೆ ನೀನು ಅಳೆದ ಕೂಡಲೇ ಹಿಡಿದುಬಿಡುತ್ತಿದ್ದೆ. ಅಮ್ಮ ಬೇರೆ ಹೇಳಿದ್ದಳು: "ಅವಳಿಗೆ ಏನೂ ಅನ್ಬೇಡ ಕಣೋ, ಫೋನಲ್ಲಿ ಮಾತಾಡ್ತಾ ಮಾತಾಡ್ತಾನೇ ಅಳೋಕೆ ಶುರು ಮಾಡ್ತಾಳೆ ಅವಳು."

ಇಷ್ಟೇ ಆಗಿದ್ದರೆ ಇಂದೇ ನಿನ್ನ ಮೇಲೆ ಜಗಳಕ್ಕೆ ಬರುತ್ತಿದ್ದೆ. ಇಷ್ಟೇ ಅಲ್ಲ.

ಏಪ್ರಿಲ್ ಇಪ್ಪತ್ನಾಲ್ಕು, ಶನಿವಾರ. ರಿಮಿನಿಯವರು ನನಗಿಂತ ಸುತ್ತಿಗೆ ಅರ್ಧ ಸೆಕೆಂಡು ಮುಂದಿದ್ದರು. ಹೆದರಿಕೆಯಾಯಿತು. ಹೊಸ ಟೈರಿನಲ್ಲಿ ನಾನೆಷ್ಟು ಜೋರು ಎಂದು ನೋಡಿಬಿಡೋಣ ಅನ್ನಿಸಿ ನಿನ್ನ ಸೆಟ್ಟು ಹಾಕಿದೆ. ಎರಡು ಸುತ್ತು ಅಂದುಕೊಂಡದ್ದು ಹತ್ತು ನಿಮಿಷವಾಯಿತು. ಮರುದಿನ ಫೈನಲ್ಲಿನ ಸಾಲಿನಲ್ಲಿ ಐವತ್ತೆಂಟೂವರೆಯಲ್ಲಿ ನಿಂತಿದ್ದೆ. ನಿನಗೆ ಗೊತ್ತಾಗದಿರಲಿ ಎಂದು "ಫೋಮು ಮೆತ್ತಗಿತ್ತೇನೋ" ಎಂದು ಬರೆದೆ. ನಿನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನೀನು ಕ್ಷಮಿಸು ಅಂತ ಬರೆದೆಯಲ್ಲ, ಆ ಕಾಗದ ಗೋದಾಮಿನ ನನ್ನ ಕಪಾಟಿನಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ಬೈಯಿ.

ಅಲ್ವಾರೊ


ಲೂಗೊ
19 ಆಗಸ್ಟ್

ಅಕ್ಕಾ,

ನಾಲ್ಕು ವಾರವಾಯಿತು. ಹಬ್ಬದ ದಿನ ಫೋನು ಮಾಡಿದರೆ ನಿನ್ನ ಅತ್ತೆ ಎತ್ತಿಕೊಂಡು, "ಅವಳು ಮಗೂನ ಕರ್ಕೊಂಡು ಸಮುದ್ರದ ಕಡೆ ಹೋಗಿದಾಳಪ್ಪ" ಅಂದರು. ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು.

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಓಟ. ಸೆಕೊಂಡೊ ಮಾಮ ದಿನವೂ ಕೊರೆಯುತ್ತಿದ್ದಾನೆ: "ಹೋಗೋ, ಫೌಸ್ತೊ ಹತ್ರ ಕಡೆಸ್ಕೊಂಡು ಬಾ, ಯುರೋಪು ನೋಡೋಣ." ಇನ್ನೂ ಹೋಗಿಲ್ಲ. ಸೆಪ್ಟೆಂಬರ್ ಹತ್ತರವರೆಗೆ ಕಾಯುತ್ತೇನೆ. ನಿನ್ನಿಂದ ಡಬ್ಬಿ ಬರದಿದ್ದರೆ ಹೋಗುತ್ತೇನೆ. ಮುಖಕ್ಕೇ ಹೇಳುತ್ತಿದ್ದೇನೆ.

ಅಲ್ವಾರೊ


ಪೋರ್ತೊ ತೊರ್ರೆಸ್
4 ಸೆಪ್ಟೆಂಬರ್

ಅಲ್ವಾರೊ,

ಬೈಯಿ ಅಂದೆಯಲ್ಲ, ಕೇಳಿಸಿಕೋ.

ನೀನು ಹತ್ತು ನಿಮಿಷ ಓಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೆದರಿದವರು ಏನೇನೋ ಮಾಡುತ್ತಾರೆ, ನಾನೂ ಮಾಡಿದೆ. ಆದರೆ ಆ ಸುಳ್ಳಿನಿಂದ ಇಲ್ಲಿ ಏನಾಯಿತು ಗೊತ್ತಾ? ನನಗೆ ಈ ಲೋಕದಲ್ಲಿ ಸರಿಯಾಗಿ ಬರುತ್ತಿದ್ದದ್ದು ಒಂದೇ, ಅಳೆಯುವುದು. ಅದೇ ತಪ್ಪಿದ ಮೇಲೆ ಇನ್ನೇನನ್ನು ನಂಬಲಿ? ಹಾಲಿನ ಪುಡಿಯ ಚಮಚ ಎಣಿಸಿ, ಸುರಿದು, ಮತ್ತೆ ಎಣಿಸಿದೆ. ಸ್ನಾನದ ನೀರಿಗೆ ಥರ್ಮಾಮೀಟರು ಹಾಕಿ, ಮೊಣಕೈ ಅದ್ದಿ, ಅತ್ತೆಯನ್ನು ಕೂಗಿ, ಅಷ್ಟರಲ್ಲಿ ನೀರು ಆರಿ ಮಗುವಿಗೆ ನೆಗಡಿ. ಎಫೀಸಿಯೊ ಪಾಳಿ ಮುಗಿಸಿ ಬಂದು ಮಗುವನ್ನು ಎತ್ತಿಕೊಂಡರೆ ನಿರಾಳವಾಗುತ್ತಿತ್ತು, ನನ್ನ ಕೈಗಿಂತ ಯಾರ ಕೈಯಾದರೂ ವಾಸಿ ಅಂತ. ಮೂರು ತಿಂಗಳು, ಅಲ್ವಾರೊ! ನೀನು, ಅಮ್ಮ ಇಬ್ಬರೂ ಸೇರಿ ನನಗೆ ಮಾಡಿದ ಉಪಕಾರ ಅದು.

ಅದಕ್ಕೇ ಬರೆಯಲಿಲ್ಲ. ಸಮುದ್ರಕ್ಕೂ ಹೋಗಿರಲಿಲ್ಲ.

ಮೊನ್ನೆ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಕೇಳಿದರು: "ಈ ಮಿಷನ್ನಿಗೆ ಯಾಕೆ ಮುಸುಕು ಹಾಕಿದೀಯ? ಸತ್ತುಹೋಯ್ತಾ?"

"ತಮ್ಮ ಸುಳ್ಳು ಹೇಳಿದ."

"ಎಷ್ಟು?"

"ಹತ್ತು ನಿಮಿಷದ್ದು."

ಅವರು ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹತ್ತು ನಿಮಿಷ! ನಿಮ್ಮ ಮಾವ ನಲವತ್ತು ವರ್ಷ ಹೇಳಿದ್ರು ಕಣೇ, ಮೀನು ಹಿಡಿಯೋಕೆ ಹೋಗ್ತೀನಿ ಅಂತ. ಒಂದು ಮೀನಾದ್ರೂ ಬೇಡ್ವಾ?" ಆಮೇಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡರು. "ನಾನು ತಂಗಿ ಮನೆಗೆ ಹೋಗ್ಬರ್ತೀನಿ. ಊಟ ಆದ್ಮೇಲೆ ಬರೋದು. ನೀನು ನಿನ್ನ ಕರೀ ಹಿಟ್ಟು ಬೀಸ್ಕೋ." ಬಾಗಿಲಿನಲ್ಲಿ ತಿರುಗಿ ಹೇಳಿದರು: "ಬರೋವರೆಗೂ ಇವಳ ಉಸಿರು ನಾನು ಎಣಿಸ್ತೀನಿ, ಆಯ್ತಾ?"

ಕಡೆದೆ.

ಐವತ್ತೊಂಬತ್ತು ಪಾಯಿಂಟ್ ಎಂಟು. ಇಷ್ಟು ಸಣ್ಣಗೆ ನಾನು ಫೈನಲ್ಲಿಗೆ ಎಂದೂ ಕಡೆದದ್ದಿಲ್ಲ. ಕಾರು ನೆಲಕ್ಕೆ ಹೊಟ್ಟೆ ಹಚ್ಚಿದ ಹಾಗಿರುತ್ತದೆ, ಮಗುಚುವ ಮಾತೇ ಇಲ್ಲ. ಗೇರು ಮತ್ತೆ ಇಪ್ಪತ್ತೊಂದಕ್ಕೆ ಏರಿಸು, ಇಲ್ಲದಿದ್ದರೆ ಕೊನೆಗೊನೆಗೆ ಎಂಜಿನ್ನು ಚೀರಿಕೊಳ್ಳುತ್ತದೆಯೇ ಹೊರತು ಕಾರು ಓಡುವುದಿಲ್ಲ. ಸೆಪ್ಟೆಂಬರಿನ ತಂಪಿಗೆ ಸವೆತವನ್ನು ನಿಮಿಷಕ್ಕೆ ಪಾಯಿಂಟ್ ಒಂದು ಒಂಬತ್ತು ಎಂದು ಹಿಡಿದಿದ್ದೇನೆ. ಐವತ್ನಾಲ್ಕು ಪಾಯಿಂಟ್ ಒಂದು ಉಳಿಯುತ್ತದೆ. ನಿನ್ನ ಹುಚ್ಚಿಗೆ ಈ ಸಲ ಏನೂ ಬಿಟ್ಟಿಲ್ಲ. ಒಂದೇ ಸಲ ಅಳೆದೆ.

ಮೊಟ್ಟೆ ಬುಟ್ಟಿ ಕೆಳಗಿಳಿಸಿ ಓಡಿಸು. ಏನೇ ಆಗಲಿ, ಆದದ್ದನ್ನೇ ಬರೆ.

ನೇವಿಯಾ


ಲೂಗೊ
27 ಸೆಪ್ಟೆಂಬರ್

ಅಕ್ಕಾ,

ಆದದ್ದನ್ನೇ ಬರೆಯುತ್ತೇನೆ.

ಶನಿವಾರ ನಿನ್ನ ಸೆಟ್ಟನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಹಳೆಯ ಟೈರಿನಲ್ಲಿ ಎಂಟನೆಯವನಾಗಿ ಫೈನಲ್ಲಿಗೆ ಬಂದೆ. ಭಾನುವಾರ ಬೆಳಿಗ್ಗೆ ಮಂಜಿತ್ತು, ಹನ್ನೊಂದಕ್ಕೆಲ್ಲ ಆಗಸ್ಟಿನಂಥ ಬಿಸಿಲು.

ಮೊದಲ ತಿರುವಿನಲ್ಲೇ ಗೊತ್ತಾಯಿತು. ಕಾರು ಮತ್ತೆ ನನ್ನ ಮಾತು ಕೇಳುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಆರನೆಯವನು, ಹನ್ನೆರಡಕ್ಕೆ ಮೂರನೆಯವನು. ಕೆಳಗಿನಿಂದ ಸೆಕೊಂಡೊ ಮಾಮ ಕೂಗುತ್ತಲೇ ಇದ್ದ: "ಸಾಕು ಕಣೋ ಮಾರಾಯ, ಮೂರು ಸಾಕು, ನಿಧಾನ!" ನಾನು ನಿಧಾನ ಮಾಡಲಿಲ್ಲ. ಮಾಡಿದ್ದರೆ ಟೈರು ಉಳಿಯುತ್ತಿತ್ತು, ಅದು ನನಗೂ ಗೊತ್ತಿತ್ತು. ಹಾಗೆ ಓಡಿಸುವುದು ಸಾಕಾಗಿತ್ತು.

ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಆ ಸದ್ದು. ಪ್ಲಾಸ್ಟಿಕ್ಕು ನೆಲ ಗೀರುವ ಸದ್ದು. ಮೂರು ಸುತ್ತು ಬಾಕಿ. ಒಂದು ಸುತ್ತು ಹೇಗೋ ಎಳೆದೆ. ಎರಡನೆಯದರಲ್ಲಿ ಪೆಸಾರೊದವನು ಒಳಗಿನಿಂದ ದಾಟಿಹೋದ. ನಾಲ್ಕನೇ ಜಾಗ, ಎರಡೇ ಸೆಕೆಂಡಿನ ಅಂತರದಲ್ಲಿ. ಯುರೋಪು ಹೋಯಿತು.

ಓಡಿಸುವ ವೇದಿಕೆಯಿಂದ ಇಳಿದಾಗ ಮಾಮ ಕಾರನ್ನು ಬೋರಲು ಹಾಕಿಕೊಂಡು ನೋಡುತ್ತಿದ್ದ. "ಪಾಪ, ಹಸುಗೂಸಿನ ತಾಯಿ. ಕಟ್ಟೆಗೆ ತಾಗಿ ಟೈರು ಹರಿದ್ಹೋಯ್ತು ಅಂತ ಬರಿಯೋ."

"ಬರೆಯಲ್ಲ."

"ಅಳ್ತಾಳೆ ಕಣೋ."

"ಅಳಲಿ ಬಿಡು ಮಾಮ. ಅದು ಅವಳ ಲೆಕ್ಕ."

ಅಳೆದೆ. ಐವತ್ಮೂರು ಪಾಯಿಂಟ್ ಎಂಟು. ನಿಮಿಷಕ್ಕೆ ಪಾಯಿಂಟ್ ಎರಡೇ ಸವೆದಿದೆ ಅಕ್ಕಾ, ಪಾಯಿಂಟ್ ಒಂದು ಒಂಬತ್ತಲ್ಲ. ನೀನು ಪಾಯಿಂಟ್ ಎರಡು ಮಿಲಿಮೀಟರು ಕಡಿಮೆ ಬಿಟ್ಟಿದ್ದೆ.

ಅಲ್ವಾರೊ


ಪೋರ್ತೊ ತೊರ್ರೆಸ್
5 ಅಕ್ಟೋಬರ್

ಪ್ರೀತಿಯ ಅಲ್ವಾರೊ,

ಅತ್ತುಬಿಟ್ಟೆ. ಯುರೋಪಿಗಾಗಿ ಅತ್ತೆ, ಪೆಸಾರೊದವನಿಗೆ ಶಾಪ ಹಾಕಿದೆ, ನಿನ್ನ ಪತ್ರವನ್ನು ಎಫೀಸಿಯೊನಿಗೆ ಜೋರಾಗಿ ಓದಿ ಹೇಳಿದೆ. "ಪಾಯಿಂಟ್ ಎರಡು ಅಂದ್ರೆ ಎಷ್ಟು?" ಅಂದ. ಎರಡು ಕಾಗದ ಒತ್ತಿ ಹಿಡಿದು ತೋರಿಸಿದೆ. "ಇಷ್ಟಕ್ಕಾ!" ಅಂದ. ಇಷ್ಟಕ್ಕೇ.

ತಪ್ಪು ನನ್ನದು. ಸೆಪ್ಟೆಂಬರ್ ಎಂದರೆ ತಂಪು ಎಂದು ಇಲ್ಲೇ ಕುಳಿತು ಅಂದುಕೊಂಡೆ. ಶನಿವಾರ ಅಲ್ಲಿ ನೆಲ ಎಷ್ಟು ಕಾದಿದೆ ಎಂದು ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ಸಲ ಕೇಳುತ್ತೇನೆ, ಅತ್ತೆ ಪಕ್ಕದಲ್ಲೇ ಕುಳಿತಿದ್ದರೂ ಸರಿ. ತಪ್ಪು ಎಲ್ಲಿದೆ, ಎಷ್ಟಿದೆ ಎಂದು ಗೊತ್ತಾದರೆ ಇಷ್ಟು ಹಗುರಾಗುತ್ತದೆಂದು ನಾನು ಮರೆತೇಬಿಟ್ಟಿದ್ದೆ. ನಿನ್ನೆ ಮಧ್ಯಾಹ್ನ ಮಗು ಎರಡು ತಾಸು ಮಲಗಿದಳು. ನಾನು ಎಷ್ಟು ಹೊತ್ತು ಮಲಗಿದೆನೋ ಯಾರೂ ಎಣಿಸಿಲ್ಲ.

ಮಾರ್ಚಿನ ಮೊದಲ ಓಟಕ್ಕೆ ಅರವತ್ತು ಪಾಯಿಂಟ್ ಎರಡು. ಅದಕ್ಕಿಂತ ಹೆಚ್ಚಿಲ್ಲ, ನೀನು ಎಷ್ಟೇ ಗೋಗರೆದರೂ. ಹೊಸ ಫೋಮು ಕಳಿಸು. ಯಾವುದು ಮೆತ್ತನೆಯದು, ಯಾವುದು ಗಟ್ಟಿ ಎಂದು ಮೇಲೆ ಬರೆಯುವುದು ಬೇಡ. ಒತ್ತಿ ನೋಡಿದರೆ ನನಗೆ ಗೊತ್ತಾಗುತ್ತದೆ.

ನೇವಿಯಾ